ಎಮರಿ ಮೇಷ್ಟ್ರ ಅರ್ಧ ಕ್ಷೌರ

ನಮ್ಮೂರಿನವರಿಗೆ ಎಮರಿ ವಾನ್‌ಡೆಹೇ ಅವರ ಮುಖಕ್ಕಿಂತ ಬೆನ್ನೇ ಹೆಚ್ಚು ಪರಿಚಯ. ಮೂವತ್ತು ವರ್ಷಕ್ಕೂ ಮೇಲೆ ನಮ್ಮ ಟ್ಯಾಮರಾಕ್ ಬೇ ಸಿಂಫನಿಯ ಮುಂದೆ ಬಿಳಿ ಕಡ್ಡಿ ಹಿಡಿದು ನಿಂತವರು ಅವರು. ವಾದ್ಯವೃಂದ ನಡೆಸುವವರು ನುಡಿಸುವ ನಮ್ಮ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಕೇಳಲು ಬಂದವರಿಗೆ ಕಾಣುವುದು ಹಿಂದಲೆ, ಕುತ್ತಿಗೆ, ಎರಡು ಕಿವಿ. ಮುಖ ನೋಡುವ ಭಾಗ್ಯ, ಭಾಗ್ಯವೋ ಕರ್ಮವೋ, ನಮ್ಮದು. ನಾನು ವಯೋಲಾದವಳು. ಪಿಟೀಲಿಗಿಂತ ಒಂದು ಕೈ ದೊಡ್ಡದಾದ, ಯಾರೂ ಕಿವಿಗೊಟ್ಟು ಕೇಳದ ವಾದ್ಯ ಅದು. ನನ್ನ ಕುರ್ಚಿ ಅವರ ಮೊಣಕಾಲಿನ ಪಕ್ಕದಲ್ಲೇ ಇತ್ತು. ಹೆಸರು ಬರ್ನಡೆಟ್, ಊರೆಲ್ಲ ಬರ್ನಿ ಅನ್ನುತ್ತದೆ. ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು ಆಯಸ್ಸು ಸವೆಸಿದವಳು, ಹಾಗಾಗಿ ಬಾಯಿ ಜೋರು. ಆ ಬಾಯಿ ಬೇಕಾದಾಗ ಎಲ್ಲಿ ಸತ್ತಿತ್ತು ಅನ್ನುವುದೂ ಈ ಕತೆಯಲ್ಲಿ ಬರುತ್ತದೆ. ಹೇಳಲು ನಾಚಿಕೆಯಾಗುತ್ತದೆ.

ಅವರು ಬಂದದ್ದು ಹೈಸ್ಕೂಲಿಗೆ ಬ್ಯಾಂಡ್ ಮೇಷ್ಟ್ರಾಗಿ. ಆಗ ನಮ್ಮದನ್ನು ಸಿಂಫನಿ ಅನ್ನಲು ಎದೆಗಾರಿಕೆ ಬೇಕಿತ್ತು. ಕಾಗದದ ಗಿರಣಿಯವರು, ಒಬ್ಬ ಹಲ್ಲಿನ ಡಾಕ್ಟರು, ಚರ್ಚಿನಲ್ಲಿ ಆರ್ಗನ್ ನುಡಿಸುವ ಇಬ್ಬರು ಹೆಂಗಸರು, ಟೈರ್ ಅಂಗಡಿಯ ಗಾರ್ಡಿ. ಮಂಗಳವಾರ ಸಂಜೆ ಶಾಲೆಯ ಊಟದ ಕೋಣೆಯಲ್ಲಿ ಸೇರುತ್ತಿದ್ದೆವು. ಒಂದಿಷ್ಟು ನುಡಿಸಿ, ಅದರ ಎರಡರಷ್ಟು ಹೊತ್ತು ಬಿಸಿ ಪಾಸ್ಟಿ ಕಚ್ಚುತ್ತಾ ಊರ ಸುದ್ದಿ ಆಡಿ ಮನೆಗೆ ಹೋಗುತ್ತಿದ್ದೆವು. ಒಳಗೆ ಮಾಂಸ, ಆಲೂಗಡ್ಡೆ ಇಟ್ಟು ಮಡಚಿದ ಆ ಕಡುಬಿಗಾಗಿಯೇ ಬರುತ್ತಿದ್ದವರೂ ಇದ್ದರು.

ಮೊದಲ ವಾರವೇ ಮೇಷ್ಟ್ರು ನನ್ನನ್ನು ಹಿಡಿದರು. ಕಷ್ಟದ ಜಾಗ ಬಂದಾಗ ಕಮಾನನ್ನು ತಂತಿಯಿಂದ ಕೂದಲೆಳೆಯಷ್ಟು ಮೇಲೆ ಹಿಡಿದು ಸುಮ್ಮನೆ ಆಡಿಸುವುದು ನಮ್ಮಂಥವರ ಹಳೆಯ ಕಳ್ಳಾಟ. ಅವರು ಎಲ್ಲರನ್ನೂ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಬರ್ನಿ, ನನಗೆ ಕೇಳಿಸ್ಲಿಲ್ಲ."

"ನುಡಿಸಿದ್ರೆ ತಾನೇ ಮೇಷ್ಟ್ರೇ ಕೇಳಿಸೋದು?" ಎಂದೆ. ಕೋಣೆಗೆ ಕೋಣೆಯೇ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವರು ಅವರೇ.

"ತಪ್ಪೇ ನುಡಿಸಿ, ಪರವಾಗಿಲ್ಲ. ಆದ್ರೆ ಕೇಳೋ ಹಾಗೆ ನುಡಿಸಿ. ತಪ್ಪು ನನ್ನ ತಲೆ ಮೇಲಿರ್ಲಿ" ಎಂದರು.

ಆ ಮಾತು ನಮ್ಮನ್ನು ಮನುಷ್ಯರನ್ನಾಗಿ ಮಾಡಿತು. ಹೆದರುಪುಕ್ಕಲರೆಲ್ಲ ಧೈರ್ಯವಾಗಿ ನುಡಿಸತೊಡಗಿದೆವು. ಹತ್ತು ವರ್ಷದಲ್ಲಿ ಪಕ್ಕದ ಊರುಗಳವರು ಹಿಮ ತುಳಿದುಕೊಂಡು ನಮ್ಮನ್ನು ಕೇಳಲು ಬಂದರು. ದೊಡ್ಡ ನಗರದಿಂದ ಮೇಷ್ಟ್ರಿಗೆ ಕರೆ ಬಂದರೂ ಅವರು ಕದಲಲಿಲ್ಲ. ಹೆಂಡತಿ ಜೊಯಾನ್ ತೀರಿಕೊಂಡ ವಾರವೂ ಮಂಗಳವಾರ ತಪ್ಪಿಸಲಿಲ್ಲ. 'ನನಗೆ ಕೇಳಿಸ್ಲಿಲ್ಲ' ಅನ್ನುವುದು ಊರಿನ ಮಾತೇ ಆಗಿಬಿಟ್ಟಿತು. ಹೋಟೆಲಿನಲ್ಲಿ ಮೆಲ್ಲಗೆ ಕಾಫಿ ಕೇಳಿದರೆ ಬಡಿಸುವವಳು ಕೈಯನ್ನು ಮೇಷ್ಟ್ರ ಹಾಗೆ ಎತ್ತಿ, "ನನಗೆ ಕೇಳಿಸ್ಲಿಲ್ಲ" ಅನ್ನುತ್ತಿದ್ದಳು.

ಇನ್ನು ಆರ್ಡಿಸ್. ಆರ್ಡಿಸ್ ನಿಯೆಮೆಲಾ, ಮೂರನೇ ಬೀದಿಯ ಪಾರ್ಲರಿನವಳು. ಮೇಷ್ಟ್ರು ಬರುವ ಮೊದಲೇ ನಮ್ಮಲ್ಲಿ ಪಿಕೊಲೊ ನುಡಿಸುತ್ತಿದ್ದವಳು. ಪಿಕೊಲೊ ಅಂದರೆ ಗೇಣುದ್ದದ ಕೊಳಲು. ಅರವತ್ತು ಜನ ಸೇರಿ ಎಷ್ಟೇ ಗದ್ದಲ ಮಾಡಿದರೂ ಅದರ ದನಿ ಮೇಲೆದ್ದು ನಿಲ್ಲುತ್ತದೆ. ಅದಕ್ಕೇ ಅದನ್ನು ನುಡಿಸುವವರಿಗೆ ಅಡಗಿಕೊಳ್ಳಲು ಜಾಗವೇ ಇಲ್ಲ. ಪ್ರತಿ ಜುಲೈಯಲ್ಲಿ ಸರೋವರದ ದಂಡೆಯ ಪಾರ್ಕಿನಲ್ಲಿ ನಮ್ಮ ಬೇಸಿಗೆ ಸಂಗೀತ ಕಚೇರಿ. ಕೊನೆಗೊಂದು ಮಾರ್ಚ್, ಅಂದರೆ ಸಿಪಾಯಿಗಳ ಹೆಜ್ಜೆಯ ಧಾಟಿ. ಅದರಲ್ಲಿ ಪಿಕೊಲೊದವರು ಎದ್ದು ನಿಂತು ಒಬ್ಬರೇ ನುಡಿಸುವ ಜಾಗವೊಂದಿದೆ. ಆರ್ಡಿಸ್ ತನ್ನ ಹಳದಿ ಲಂಗ ತೊಟ್ಟು ಎದ್ದಳೆಂದರೆ ಮಕ್ಕಳು ಐಸ್‌ಕ್ರೀಂ ಬಿಟ್ಟು ಓಡಿ ಬರುತ್ತಿದ್ದರು. ಊರಿನ ಪಾಲಿಗೆ ಬೇಸಿಗೆ ಬಂತು ಅನ್ನುವುದಕ್ಕೆ ಅದೇ ಗುರುತು.

ಕಚೇರಿಯ ಹಿಂದಿನ ಶನಿವಾರ ಮೇಷ್ಟ್ರಿಗೆ ಆರ್ಡಿಸಳ ಪಾರ್ಲರಿನಲ್ಲಿ ಕ್ಷೌರ. ಅಲ್ಲಿ ಅವಳದ್ದೇ ದರ್ಬಾರು.

"ತಲೆ ಬಗ್ಗಿಸಿ ಮೇಷ್ಟ್ರೇ. ಮಂಗಳವಾರ ನೀವು ಹೇಳಿದ ಹಾಗೆ ನಾನು ಕೇಳ್ತೀನಿ, ಇವತ್ತು ನಾನು ಹೇಳಿದ ಹಾಗೆ ನೀವು. ಊರಿಗೆಲ್ಲ ಕಾಣೋದು ನಿಮ್ಮ ಹಿಂದಲೆ, ಅದು ನನ್ನ ಕೈಕೆಲಸ. ಚಪ್ಪಾಳೇಲಿ ಅರ್ಧ ನನ್ನದು ಗೊತ್ತಾಯ್ತಾ?"

"ಪೂರ್ತಿ ತಗೊಳ್ಳಿ ಮಾರಾಯ್ತಿ, ಕಿವಿ ಮಾತ್ರ ಉಳಿಸಿ" ಎನ್ನುತ್ತಿದ್ದರು ಅವರು.

ಆ ಕಿವಿಯೇ ಮೊದಲು ಹೋಯಿತು. ಯಾವಾಗ ಹೋಯಿತು ಅಂತ ದೇವರಾಣೆ ನಮಗ್ಯಾರಿಗೂ ಗೊತ್ತಾಗಲಿಲ್ಲ. ಹೇಗೆ ಗೊತ್ತಾಗಬೇಕು? ಕೆಳಗಿನ ಸ್ವರಗಳೆಲ್ಲ ಚೆನ್ನಾಗಿ ಕೇಳುತ್ತಿದ್ದವು, ನಮ್ಮ ಮಾತು ಕೇಳುತ್ತಿತ್ತು. ತೀರ ಮೇಲಿನ ದನಿಗಳು ಮಾತ್ರ ಒಂದೊಂದಾಗಿ ಆರಿಹೋಗುತ್ತಿದ್ದವು. "ನನಗೆ ಕೇಳಿಸ್ಲಿಲ್ಲ" ಎಂದು ಅವರು ಜೀವಮಾನವಿಡೀ ಹೇಳಿದ್ದವರು. ಇನ್ನೊಂದು ಸಲ ಹೇಳಿದರೆ ಯಾರಿಗೆ ಅನುಮಾನ ಬರುತ್ತದೆ?

ಹೇಳತೊಡಗಿದ್ದು ಆರ್ಡಿಸಳಿಗೆ. "ಆರ್ಡಿಸ್, ನನಗೆ ಕೇಳಿಸ್ಲಿಲ್ಲ." ಅವಳು ಇನ್ನಷ್ಟು ಜೋರಾಗಿ ಊದಿದಳು. "ಇನ್ನೂ ಸ್ವಲ್ಪ, ಆರ್ಡಿಸ್." ಅವಳ ಮುಂದಿನ ಸಾಲಿನವರು ಕಿವಿಗೆ ಹತ್ತಿ ಇಟ್ಟುಕೊಂಡರು. ನನಗೆ ಅಷ್ಟು ದೂರದಲ್ಲೂ ಹಲ್ಲು ಜುಮ್ಮೆನ್ನುತ್ತಿತ್ತು. ಮೇಷ್ಟ್ರಿಗೆ ಏನೋ ಬೇಕಾಗಿದೆ, ನಮಗೆ ತಿಳಿಯದ ಏನೋ ಒಂದು ಇರಬೇಕು ಅಂದುಕೊಂಡೆವು. ವಾದ್ಯವೃಂದದಲ್ಲಿ ಕುರ್ಚಿಯಿಂದ ಯಾರೂ ಎದುರು ಮಾತಾಡುವುದಿಲ್ಲ, ಅದು ನಮ್ಮ ಕಟ್ಟಳೆ. ಕಡ್ಡಿ ಹಿಡಿದವರು ಹೇಳಿದ್ದೇ ಸರಿ.

ಆರ್ಡಿಸ್ ತಪ್ಪು ತನ್ನದೇ ಅಂದುಕೊಂಡಳು. ಆಗಲೇ ಅರವತ್ತೇಳೋ ಅರವತ್ತೆಂಟೋ ವಯಸ್ಸು. ಪಾರ್ಲರಿಗೆ ಹೋದಾಗ ನೋಡಿದ್ದೇನೆ, ಗಿರಾಕಿಯ ತಲೆಗೆ ಬಣ್ಣ ಹಚ್ಚಿ ಕೂರಿಸಿ, ಕನ್ನಡಿಗೆ ಮುಖ ಹಿಡಿದು ತನ್ನ ತುಟಿಯನ್ನೇ ನೋಡಿಕೊಳ್ಳುತ್ತಿದ್ದಳು.

"ಬರ್ನಿ, ಇಲ್ಲಿ ಸಡಿಲ ಆಗಿದ್ಯೇನೇ ನೋಡೇ."

"ನಿನ್ನ ನಾಲಿಗೆ ಸಡಿಲ ಆಗಿದೆ, ತುಟಿಗೇನೂ ಆಗಿಲ್ಲ" ಎಂದಿದ್ದೆ. ಅಷ್ಟು ಹೇಳಿ ನನ್ನ ಕೆಲಸ ಮುಗಿಯಿತು ಅಂದುಕೊಂಡೆ.

ಒಂದು ಚಳಿಗಾಲ ಅಭ್ಯಾಸ ಮುಗಿದ ಮೇಲೆ ಮೇಷ್ಟ್ರು ಅವಳನ್ನು ಕೋಟು ನೇತುಹಾಕುವ ಕಡೆ ಕರೆದುಕೊಂಡು ಹೋದರು. ಬಹಳ ಮೃದುವಾಗಿ ಹೇಳಿದರಂತೆ, ಆಮೇಲೆ ಅವಳೇ ನನಗೆ ಹೇಳಿದ್ದು: ಉಸಿರು ಮೊದಲಿನ ಹಾಗಿಲ್ಲ ಆರ್ಡಿಸ್, ಜನ ಆಡಿಕೊಳ್ಳುವ ಮುಂಚೆ ಮರ್ಯಾದೆಯಿಂದ ಬಿಟ್ಟುಬಿಡಿ, ಕಾಲೇಜಿನ ಹುಡುಗಿ ಒಬ್ಬಳಿದ್ದಾಳೆ. ಅವಳು ಅಳಲಿಲ್ಲ. ಮುಂದಿನ ವಾರದಿಂದ ಬರಲಿಲ್ಲ, ಅಷ್ಟೇ. ಬೇರೆ ಕೇಳಿದವರಿಗೆಲ್ಲ "ನಾನೇ ಬಿಟ್ಟೆ, ತುಟಿ ಹೋಯ್ತು" ಅಂದಳು. ಕಚೇರಿಗಳಿಗೆ ಬರುವುದನ್ನೂ ಬಿಟ್ಟಳು. ಆ ಜುಲೈಯಲ್ಲಿ ಮಾರ್ಚಿಗೆ ಕಾಲೇಜಿನ ಹುಡುಗಿ ಮರೆನ್ ಎದ್ದು ನಿಂತಳು. ಚೆನ್ನಾಗಿಯೇ ನುಡಿಸಿದಳು ಪಾಪ. ಮಕ್ಕಳು ಮಾತ್ರ ಹಳದಿ ಲಂಗ ಎಲ್ಲಿ ಅಂತ ಕೇಳಿದವು.

ಹಾಗೆ ಆರ್ಡಿಸ್ ಬಿಟ್ಟು ಒಂದು ವರ್ಷ ಕಳೆಯಿತು. ಮರೆನ್‌ಗೆ ಮೇಷ್ಟ್ರು ಒಳ್ಳೆಯದೂ ಹೇಳುತ್ತಿರಲಿಲ್ಲ, ಕೆಟ್ಟದೂ ಹೇಳುತ್ತಿರಲಿಲ್ಲ. ಆರ್ಡಿಸಳನ್ನು ಕಳಿಸಿ ತಂದ ಹುಡುಗಿ. ಅವಳ ದನಿಯೂ ಕೇಳುತ್ತಿಲ್ಲ ಅಂತ ಯಾವ ಬಾಯಲ್ಲಿ ಹೇಳುತ್ತಾರೆ ಅಂತ ಈಗ ಅರ್ಥವಾಗುತ್ತದೆ.

ಫೆಬ್ರವರಿಯ ಒಂದು ಮಂಗಳವಾರ ಸರೋವರದ ಕಡೆಯಿಂದ ಹಿಮ ಹೊಯ್ಯುತ್ತಿತ್ತು. ಅರ್ಧ ಜನ ತಡವಾಗಿ ಬಂದರು. ಮೇಷ್ಟ್ರು ಓದುವ ಕನ್ನಡಕ ಹಾಕಿಕೊಂಡು ಸ್ವರ ಬರೆದ ಪುಸ್ತಕದ ಮೇಲೆ ಬಗ್ಗಿ ನಡೆಸುತ್ತಿದ್ದರು. ಕೈಯೆತ್ತಿ ನಮ್ಮನ್ನು ನಿಲ್ಲಿಸಿದರು. ಮುಖದಲ್ಲಿ ಎಂಥದೋ ನೆಮ್ಮದಿ, ಪುಸ್ತಕದಲ್ಲಿ ಓದಿದ ಸ್ವರವೇ ಕಿವಿಗೆ ಬಿದ್ದ ಹಾಗೆ.

"ಮರೆನ್, ಈಗ ಸರಿಹೋಯ್ತು ನೋಡು. ಇಷ್ಟೇ ಬೇಕಾಗಿದ್ದು. ಕಚೇರೀಲೂ ಹೀಗೇ ನುಡಿಸ್ಬೇಕು."

ಹಿಂದಿನ ಸಾಲಿನಿಂದ ಗಾರ್ಡಿ ಕಿಸಕ್ಕನೆ ನಕ್ಕ. ಟ್ರೊಂಬೋನ್ ಅನ್ನುವ ಉದ್ದ ಕಹಳೆ ಊದುವವರಿಗೆ ಎಲ್ಲದಕ್ಕೂ ನಗು. ಅವನ ಪಕ್ಕದವನೂ ನಕ್ಕ. ಆಮೇಲೆ ಇಬ್ಬರೂ ಒಟ್ಟಿಗೆ ನಿಲ್ಲಿಸಿದರು. ಕೊಳಲು ನುಡಿಸುವ ಹಲ್ಲಿನ ಡಾಕ್ಟರು ಮೆಲ್ಲಗೆ ಹೇಳಿದರು, "ಮೇಷ್ಟ್ರೇ, ಮರೆನ್ ಇನ್ನೂ ಬಂದಿಲ್ಲ."

ಮೇಷ್ಟ್ರು ಕನ್ನಡಕ ತೆಗೆದು ನೋಡಿದರು. ಡಾಕ್ಟರ ಪಕ್ಕದ ಕುರ್ಚಿ ಖಾಲಿ. ಅದರ ಮೇಲೆ ಯಾರದೋ ಒದ್ದೆ ಕೈಗವಸು ಒಣಗಲು ಬಿದ್ದಿತ್ತು. ಮೇಷ್ಟ್ರ ಕುತ್ತಿಗೆ ಕೆಳಗಿನಿಂದ ಕೆಂಪೇರಿ ಕೆಂಪೇರಿ ಕಿವಿಯವರೆಗೆ ಬಂತು. ನಾನು ನನ್ನ ವಯೋಲಾದ ತಂತಿ ನೋಡುತ್ತಾ ಕೂತೆ. ಎಲ್ಲರೂ ಏನೋ ಒಂದನ್ನು ನೋಡುತ್ತಾ ಕೂತರು.

ಗ್ರಹಚಾರ, ಆಗಲೇ ಮರೆನ್ ಬಾಗಿಲು ತಳ್ಳಿಕೊಂಡು ಬಂದಳು. "ಸಾರಿ ಸರ್, ಕಾರು ಚರಂಡಿಗೆ ಇಳಿದುಬಿಡ್ತು..."

"ಕೂತ್ಕೋ. ಬಿಸಿ ಮಾಡ್ಕೋ ವಾದ್ಯಾನ" ಎಂದರು ಮೇಷ್ಟ್ರು. ಸ್ವಲ್ಪ ಹೊತ್ತು ಬಿಟ್ಟು, "ಈಗ ಒಬ್ಬಳೇ ನುಡಿಸು. ಆ ಮೇಲಿನ ಜಾಗ" ಎಂದರು.

ಅವಳು ನುಡಿಸಿದಳು. ಕಿಟಕಿ ಗಾಜು ನಡುಗಿತು. ಮೇಷ್ಟ್ರು ಪೀಠದ ಅಂಚಿಗೆ ಬಂದು, ಕತ್ತು ಚಾಚಿ, ಹುಡುಗಿಯ ಬೆರಳುಗಳನ್ನೇ ನೋಡುತ್ತಿದ್ದರು. ಆಮೇಲೆ ಕೇಳಿದರು ನೋಡಿ.

"ನುಡಿಸ್ತಾ ಇದ್ದೀಯಾ?"

"ನುಡಿಸ್ತಾ ಇದ್ದೀನಿ ಸರ್" ಎಂದಳು ಆ ಮಗು. ಅವಳ ಕಣ್ಣಲ್ಲಿ ನೀರು.

ಮೇಷ್ಟ್ರು ಕಡ್ಡಿಯನ್ನು ಪುಸ್ತಕದ ಮೇಲಿಟ್ಟರು. ಯಾರಿಗೂ ಹೇಳದ ಹಾಗೆ, ತಮ್ಮಷ್ಟಕ್ಕೆ, "ಆರ್ಡಿಸ್" ಎಂದರು. ಹತ್ತಿರದ ಕುರ್ಚಿಯವಳು ನಾನು, ನನಗೆ ಕೇಳಿಸಿತು. ಕೋಟು ಹಾಕಿಕೊಂಡು ಹಿಮದಲ್ಲಿ ಹೊರಟುಹೋದರು.

ಅವರ ಕಾರಿನ ಸದ್ದು ಹೋದ ಮೇಲೆ ಗಾರ್ಡಿ ಎದ್ದು ನಿಂತ. "ನೋಡ್ರಪ್ಪ, ಇಲ್ಲಿ ಆಗಿದ್ದು ಇಲ್ಲೇ ಇರ್ಲಿ. ಒಬ್ರೂ ಹೊರಗೆ ಬಾಯಿಬಿಡಬಾರ್ದು. ಆ ಮನುಷ್ಯನ ಮಾನ ಹೋಗುತ್ತೆ." ಎಲ್ಲರೂ ತಲೆಯಾಡಿಸಿದೆವು. ಎಷ್ಟು ದೊಡ್ಡತನ ನಮ್ಮದು! ಒಬ್ಬರ ಮಾನ ಕಾಯುವ ಸಂಭ್ರಮದಲ್ಲಿ, ಮೂರನೇ ಬೀದಿಯಲ್ಲಿ ಇನ್ನೊಬ್ಬಳು ಮಾನ ಕಳೆದುಕೊಂಡು ಕೂತಿದ್ದಾಳೆ ಅನ್ನುವುದು ಅರವತ್ತು ಜನರಲ್ಲಿ ಒಬ್ಬರ ಬಾಯಿಗೂ ಬರಲಿಲ್ಲ. ನನಗೆ ಹೊಳೆದಿತ್ತು. ನಾನೂ ತಲೆಯಾಡಿಸಿದೆ.

ಮುಂದಿನ ತಿಂಗಳು ತಲೆಗೆ ಬಣ್ಣ ಹಚ್ಚಿಸಿಕೊಳ್ಳಲು ಆರ್ಡಿಸಳ ಹತ್ತಿರ ಹೋಗಲೇಬೇಕಾಯಿತು. ಅವಳು ಬಾಚಣಿಗೆ ಆಡಿಸುತ್ತಾ ಹೇಳಿದಳು, "ಮೇಷ್ಟ್ರು ಕ್ಷೌರಕ್ಕೇ ಬರ್ತಾ ಇಲ್ಲ ಕಣೇ. ನನ್ನನ್ನ ನೋಡೋಕೆ ಸಂಕೋಚ ಇರ್ಬೇಕು. ಪಾಪ, ಅವತ್ತು ಎಷ್ಟು ಒಳ್ಳೇ ಮಾತಲ್ಲಿ ಹೇಳಿದ್ರು. ಬೇರೆಯವರಾಗಿದ್ರೆ ಎಲ್ಲರ ಮುಂದೆ ಅಂತಿದ್ರು."

ಕುರ್ಚಿಯೊಳಗೇ ಕುಸಿದುಹೋಗಬಾರದೇ ಅನ್ನಿಸಿತು. "ಹೂಂ" ಅಂದೆ. ಅಷ್ಟೇ ಅಂದದ್ದು.

ಮೇಷ್ಟ್ರು ಪಕ್ಕದ ಊರಿಗೆ ಹೋಗಿ ಎರಡೂ ಕಿವಿಗೆ ಮಿಷನ್ ಹಾಕಿಸಿಕೊಂಡು ಬಂದರು. ಅದು ಕಾಣಬಾರದೆಂದು ಕೂದಲು ಬೆಳೆಸಿದರು. ವಸಂತದ ಕಚೇರಿಯ ಹೊತ್ತಿಗೆ ಬಿಳಿ ಕೂದಲು ಕಿವಿ ಮುಚ್ಚಿ ಕಾಲರಿನ ಮೇಲೆ ಬಿದ್ದಿತ್ತು. ಊರಿನವರು, ವಯಸ್ಸಾದ ಮೇಲೆ ಮೇಷ್ಟ್ರಿಗೆ ಶೋಕಿ ಬಂತು ಅಂದರು. ಅಭ್ಯಾಸದಲ್ಲಿ ಮರೆನ್ ಮೊದಲ ಸಲ ಊದಿದಾಗ ಅವರು ಬೆಚ್ಚಿ ಕೈಯಿಂದ ಕಿವಿ ಮುಚ್ಚಿಕೊಂಡರು. "ಇಷ್ಟು ಜೋರಾ?" ಎಂದು ಕೇಳಿದರು. ಇಷ್ಟು ಜೋರಿಗಿಂತಲೂ ಜೋರಾಗಿ ಆರ್ಡಿಸ್ ಎಷ್ಟೋ ಮಂಗಳವಾರ ಊದಿದ್ದಳು.

ಏಪ್ರಿಲಿನಲ್ಲಿ ಪ್ರಕಟಣೆ ಬಂತು: ಜುಲೈಯ ಪಾರ್ಕ್ ಕಚೇರಿಯೇ ಮೇಷ್ಟ್ರ ಕೊನೆಯದು, ಇನ್ನು ಮುಂದೆ ಅವರು ಕುಟುಂಬದ ಜೊತೆ ಕಾಲ ಕಳೆಯಲಿದ್ದಾರೆ. ಅದನ್ನು ಓದಿ ನನ್ನ ಮೈ ಉರಿದುಹೋಯಿತು. ನೇರ ಅವರ ಮನೆಗೆ ನಡೆದೆ. ಅವರು ಬಾಗಿಲ ಮುಂದೆ ಕೊನೆಯ ಹಿಮದ ಕೊಳಕು ಗುಡ್ಡೆಯನ್ನು ಸಲಿಕೆಯಿಂದ ಒಡೆಯುತ್ತಿದ್ದರು.

"ಕುಟುಂಬ ಅಂದ್ರೆ ಯಾರು ಮೇಷ್ಟ್ರೇ? ಬೆಕ್ಕಾ?"

ಅವರು ನಗಲಿಲ್ಲ. "ಸಿಂಫನಿ ಸಮಿತಿಯವರು ಬರೆದದ್ದು, ಬರ್ನಿ."

"ಆರ್ಡಿಸಳಿಗೆ ಹೇಳಿದ್ರಾ?"

ಸಲಿಕೆ ನಿಂತಿತು. "ಅಂಗಡಿ ತನಕ ಹೋಗ್ತೀನಿ. ಗಾಜಿನಲ್ಲಿ ಅವಳು ಕಾಣ್ತಾಳೆ, ಯಾರದೋ ತಲೆ ಬಾಚ್ತಾ ನಗ್ತಾ ಇರ್ತಾಳೆ. ಕಾಲು ಮುಂದೆ ಹೋಗಲ್ಲ. ವಾಪಸ್ ಬರ್ತೀನಿ. ಮೊನ್ನೇನೂ ಹೋಗಿದ್ದೆ." ಸಲಿಕೆಯ ಹಿಡಿಯನ್ನು ನೋಡುತ್ತಾ ಹೇಳಿದರು, "ನಾನು ಹಿಡಿಯೋ ಕಡ್ಡಿಗೆ ದನಿ ಇಲ್ಲ ಬರ್ನಿ. ನಾನು ತಪ್ಪು ಮಾಡಿದ್ರೆ ಅದು ಇನ್ನೊಬ್ಬರ ವಾದ್ಯದಲ್ಲಿ ಕೇಳಿಸುತ್ತೆ. ಜನ ಅವರನ್ನ ನೋಡ್ತಾರೆ, ನನ್ನನ್ನಲ್ಲ. ನಾಚಿಕೆ ಆಗುತ್ತೆ. ಅನ್ನ ಇಳಿಯಲ್ಲ."

"ನೀವು ಹೇಳದಿದ್ರೆ ನಾನು ಹೇಳ್ತೀನಿ" ಎಂದೆ.

"ಬೇಡ. ನಾನೇ ಹೇಳ್ಬೇಕು. ಪಾರ್ಕ್ ಕಚೇರಿಗೆ ಮುಂಚೆ."

ಮೇ ಹೋಯಿತು, ಜೂನ್ ಹೋಯಿತು. ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಕಚೇರಿಯ ಹಿಂದಿನ ಶನಿವಾರ ನಾನು ಪಾರ್ಲರಿನಲ್ಲಿ ತಲೆಗೆಲ್ಲ ಬಣ್ಣ ಮೆತ್ತಿಸಿಕೊಂಡು, ಪ್ಲಾಸ್ಟಿಕ್ ಟೊಪ್ಪಿ ಹಾಕಿಕೊಂಡು ಕೂತಿದ್ದೆ. ಬಾಗಿಲ ಗಂಟೆ ಕಿಣಿಗುಟ್ಟಿತು. ಮೇಷ್ಟ್ರು.

"ಅಯ್ಯಯ್ಯೋ, ಯಾರಪ್ಪ ಇದು? ಕುರಿ ತುಪ್ಪಟ ಕತ್ತರಿಸೋದು ಇಲ್ಲಲ್ಲ, ಜಾತ್ರೆ ಮೈದಾನದಲ್ಲಿ!" ಎಂದಳು ಆರ್ಡಿಸ್. ಅವಳ ಮುಖ ಹೂವಾಗಿತ್ತು. "ಕೂತ್ಕೊಳ್ಳಿ ಮೇಷ್ಟ್ರೇ, ಕೂತ್ಕೊಳ್ಳಿ. ಕೊನೇ ಕಚೇರಿಗೆ ನನ್ನನ್ನ ಮರೀಲಿಲ್ವಲ್ಲ."

ಅವರು ಕೂತರು. ಬಟ್ಟೆ ಹೊದಿಸಿದಳು. "ಕಿವಿ ಪೂರ್ತಿ ಕಾಣೋ ಹಾಗೆ ಕತ್ತರಿಸಿ" ಎಂದರು.

ಎಡಗಡೆಯ ಕೂದಲು ಎತ್ತಿದವಳು ಕಂಡಳು. "ಅಯ್ಯೋ ಪಾಪ, ಮಿಷನ್ನಾ? ಹೋಗ್ಲಿ ಬಿಡಿ, ವಯಸ್ಸು ಯಾರನ್ನ ಬಿಡುತ್ತೆ. ನನ್ನ ತುಟಿ ಹೋಯ್ತು, ನಿಮ್ಮ ಕಿವಿ ಹೋಯ್ತು. ಒಳ್ಳೇ ಜೋಡಿ!" ಎಂದು ನಗುತ್ತಾ ಅದನ್ನು ತೆಗೆದು ತಟ್ಟೆಯಲ್ಲಿಟ್ಟು ಎಡಗಡೆ ಕತ್ತರಿಸತೊಡಗಿದಳು. ಅವಳಿಗೆ ಇನ್ನೂ ಹೊಳೆದಿರಲಿಲ್ಲ. ಆ ನಗು ನೋಡಲಾರದೆ ನಾನು ಹಳೇ ಪತ್ರಿಕೆಯಲ್ಲಿ ಮುಖ ಹುದುಗಿಸಿದೆ.

ಎಡಗಡೆ ಮುಗಿಯುವವರೆಗೂ ಮೇಷ್ಟ್ರು ಸುಮ್ಮನಿದ್ದರು. ಅವಳು ಆ ಮಿಷನ್ನನ್ನು ಕಿವಿಗೆ ಸಿಕ್ಕಿಸಿ ಬಲಗಡೆಗೆ ಬಂದಳು. ಆಗ ಹೇಳಿದರು. "ಆರ್ಡಿಸ್, ನಿಮ್ಮ ತುಟಿ ಹೋಗಿರ್ಲಿಲ್ಲ. ಉಸಿರೂ ಹೋಗಿರ್ಲಿಲ್ಲ. ನನ್ನ ಕಿವಿ ಹೋಗಿತ್ತು. ಆಗಲೇ ಹೋಗಿತ್ತು."

ಕತ್ತರಿ ನಿಂತಿತು. ಅವಳು ಕನ್ನಡಿಯಲ್ಲಿ ಅವರನ್ನೇ ನೋಡಿದಳು. "ಯಾವಾಗ ಗೊತ್ತಾಯ್ತು?" ಎಂದಳು.

"ಫೆಬ್ರವರೀಲಿ. ಎಲ್ಲರ ಮುಂದೆ."

"ಎಲ್ಲರ ಮುಂದೆ." ಅವಳು ನನ್ನ ಕಡೆ ತಿರುಗಿದಳು. "ಬರ್ನಿ, ನಿನಗೆ ಗೊತ್ತಿತ್ತಾ?"

ನಾನು ಬಾಯಿ ತೆರೆದೆ. ಅಂಚೆ ಕಚೇರಿಯ ಬರ್ನಿಗೆ ಮಾತು ಬರಲಿಲ್ಲ.

"ಈ ಕನ್ನಡಿ ಮುಂದೆ ನಿಂತು ನನ್ನ ತುಟಿಗೆ ನಾನೇ ಶಾಪ ಹಾಕಿದೀನಿ" ಎಂದಳು. "ದಾರೀಲಿ ನಿಮ್ಮನ್ನೆಲ್ಲ ಕಂಡ್ರೆ ತಪ್ಪಿಸ್ಕೊಂಡು ಆಚೆ ಬೀದಿಗೆ ಹೋಗಿದೀನಿ, ನಾಚಿಕೆ ಆಗಿ. ನನಗೆ ನಾಚಿಕೆ! ಇಲ್ಲಿ ಬಂದು ಬಣ್ಣ ಹಚ್ಚಿಸ್ಕೊಂಡು ಹೂಂ ಹೂಂ ಅಂತಿದ್ಯಲ್ಲೇ! ಎದ್ದೇಳಿ ಇಬ್ರೂ. ಹೊರಗೆ ನಡೀರಿ."

"ಆರ್ಡಿಸ್, ಬಣ್ಣ ತೊಳ್ಕೊಂಡು..." ಎಂದೆ ನಾನು, ಎಂಥ ದರಿದ್ರದವಳು.

"ಸರೋವರದಲ್ಲಿ ತೊಳ್ಕೋ ಹೋಗು!"

ಹೀಗೆ ಮೂರನೇ ಬೀದಿಯ ನಡುಹಗಲಿನಲ್ಲಿ, ಪ್ಲಾಸ್ಟಿಕ್ ಟೊಪ್ಪಿಯ ನಾನು, ಅರ್ಧ ಕ್ಷೌರದ ಮೇಷ್ಟ್ರು. ಎಡಗಡೆ ಕಿವಿ, ಮಿಷನ್ನು, ಎಲ್ಲ ಬೋಳಾಗಿ ಹೊರಗೆ. ಬಲಗಡೆ ಕಾಲರಿನ ತನಕ ಕೂದಲು. ಬ್ಯಾಂಕಿನವರು ಬಾಗಿಲಿಗೆ ಬಂದು ನೋಡಿದರು.

"ಹೆದ್ದಾರಿ ಪಕ್ಕ ಇನ್ನೊಬ್ಬ ಕ್ಷೌರದವನಿದ್ದಾನೆ, ನಡೀರಿ" ಎಂದೆ.

"ಇಲ್ಲ. ಹೀಗೇ ಇರ್ಲಿ" ಎಂದರು ಮೇಷ್ಟ್ರು.

ಹಾಗೇ ಬಂದರು ಪಾರ್ಕಿಗೆ. ಊರಿಗೆ ಊರೇ ಮಡಚುವ ಕುರ್ಚಿ ಹಿಡಿದು ನೆರೆದಿತ್ತು. ಮೇಷ್ಟ್ರು ಪೀಠ ಹತ್ತಿ ಬೆನ್ನು ತಿರುಗಿಸಿದ ಕೂಡಲೇ ಮುಂದಿನ ಸಾಲಿನಲ್ಲಿ ಕಿಸಿಕಿಸಿ ಶುರುವಾಯಿತು. "ಕತ್ತರಿಸೋವಾಗ ಕರೆಂಟ್ ಹೋಯ್ತಾ ಮೇಷ್ಟ್ರೇ?" ಎಂದು ಯಾರೋ ಕೂಗಿದರು. ಅವರು ತಿರುಗಲಿಲ್ಲ. ಕಚೇರಿಯುದ್ದಕ್ಕೂ ಆ ಅರ್ಧ ತಲೆಯನ್ನು, ಆ ಕಿವಿಯನ್ನು ಊರಿಗೆ ತೋರಿಸುತ್ತಾ ನಿಂತರು. ಕಣ್ಣುಗಳು ಮಾತ್ರ ಆಗಾಗ ತಮ್ಮ ಪುಸ್ತಕದ ಮೇಲೆ ಇಳಿಯುತ್ತಿದ್ದವು, ತಲೆಯೆತ್ತಲಾಗದವರ ಹಾಗೆ.

ಮಾರ್ಚಿಗೆ ಮೊದಲು ಕಡ್ಡಿ ಕೆಳಗಿಟ್ಟು ಜನರ ಕಡೆ ತಿರುಗಿದರು. ಭಾಷಣ ಅಂತ ಚಪ್ಪಾಳೆ ಬಂತು. ಅದು ನಿಲ್ಲುವವರೆಗೆ ಕಾದರು.

"ಈ ಮಾರ್ಚಿಗೆ ಆರ್ಡಿಸ್ ನಿಯೆಮೆಲಾ ಎದ್ದು ನಿಲ್ತಿದ್ರು. ಅವರ ಉಸಿರು ಹೋಗಿದೆ ಅಂತ ಹೇಳಿ ನಾನು ಕಳಿಸಿದೆ. ಅವರು ಸರಿಯಾಗೇ ನುಡಿಸ್ತಿದ್ರು. ನನಗೆ ಕೇಳಿಸ್ಲಿಲ್ಲ."

ಮುಂದೆ ಕೂತವರು ಯಾರೋ ಅಭ್ಯಾಸಬಲದಿಂದ ನಕ್ಕರು, ಆ ಹಳೇ ಮಾತಿಗೆ. ಮೇಷ್ಟ್ರು ಎಡಗಿವಿಯ ಮಿಷನ್ನನ್ನು ಬೆರಳಿನಿಂದ ಮುಟ್ಟಿ ತೋರಿಸಿದರು. "ತಮಾಷೆಗಲ್ಲ. ನಿಜವಾಗ್ಲೂ ಕೇಳಿಸ್ಲಿಲ್ಲ. ಗೊತ್ತಾದ ಮೇಲೂ ತಿಂಗಳುಗಟ್ಟಲೆ ಹೇಳ್ಲಿಲ್ಲ. ಕೂದಲು ಬೆಳೆಸಿದೆ."

ಜನ ತಿರುಗಿ ನೋಡತೊಡಗಿದರು. ನಾನೂ ಅವರು ನೋಡಿದ ಕಡೆ ನೋಡಿದೆ. ಬಂದಿದ್ದಳು. ಪಾಸ್ಟಿ ಮಾರುವ ಡೇರೆಯ ಪಕ್ಕ, ಕಂಕುಳಲ್ಲಿ ಕೈಚೀಲ ಒತ್ತಿಕೊಂಡು ನಿಂತಿದ್ದಳು. ಹಳದಿ ಲಂಗವಲ್ಲ, ಪಾರ್ಲರಿನ ಮೇಲಂಗಿ.

ಮರೆನ್ ಯಾರನ್ನೂ ಕೇಳದೆ ವೇದಿಕೆ ಇಳಿದು ಜನರ ನಡುವೆ ಹೋಗಿ ತನ್ನ ಪಿಕೊಲೊವನ್ನು ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದಳು. ಆರ್ಡಿಸ್ ತೆಗೆದುಕೊಂಡಳು. ತಿರುಗಿಸಿ ನೋಡಿದಳು. ತುಟಿಗಿಟ್ಟು ಊದಿದಳು. ಬರೀ ಗಾಳಿ ಬಂತು. ಇನ್ನೊಮ್ಮೆ ಊದಿದಳು. ಗಾಳಿ. ಒಂದೂವರೆ ವರ್ಷ ಮುಟ್ಟದಿದ್ದರೆ, ಆ ವಯಸ್ಸಿಗೆ, ತುಟಿ ಮರೆತುಬಿಡುತ್ತದೆ. ಮೇಷ್ಟ್ರು ಹೇಳಿದಾಗ ಸುಳ್ಳಾಗಿದ್ದದ್ದು ಈಗ ನಿಜವಾಗಿತ್ತು. ನಾವು ಫೆಬ್ರವರಿಯಲ್ಲೇ ಬಾಯಿಬಿಟ್ಟಿದ್ದರೆ ಏನಾಗುತ್ತಿತ್ತೋ.

"ನೀನೇ ನುಡಿಸು ಮಗಳೇ" ಎಂದು ವಾಪಸ್ ಕೊಟ್ಟಳು. "ಎದ್ದು ನಿಂತು ನುಡಿಸು. ಹೆದರ್ಬೇಡ."

ಮಾರ್ಚ್ ನುಡಿಸಿದೆವು. ಮೇಷ್ಟ್ರ ಕೈ ತಾಳ ತಪ್ಪ‌ಲಿಲ್ಲ, ಮುಖವೆಲ್ಲ ನೀರು. ಅದನ್ನು ನೋಡುವ ಕರ್ಮ ನಮ್ಮದು.

ಜನ ಚದುರಿದ ಮೇಲೆ ನಾನು ವೇದಿಕೆಯ ಹಿಂದೆ ವಯೋಲಾ ಪೆಟ್ಟಿಗೆಗೆ ಹಾಕುತ್ತಿದ್ದೆ. ಮೇಷ್ಟ್ರು ದೊಡ್ಡ ಡೋಲಿನ ಪೆಟ್ಟಿಗೆಯ ಮೇಲೆ ಒಬ್ಬರೇ ಕೂತಿದ್ದರು. ಯಾರೂ ಹತ್ತಿರ ಹೋಗಿರಲಿಲ್ಲ. ಆರ್ಡಿಸ್ ಬಂದಳು. ಕೈಚೀಲದಿಂದ ಬಟ್ಟೆ ತೆಗೆದು ಅವರ ಕುತ್ತಿಗೆಗೆ ಕಟ್ಟಿದಳು. ಎರಡು ಕಿವಿಯ ಮಿಷನ್ನುಗಳನ್ನೂ ತೆಗೆದು ಅವರ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ಬಾಚಣಿಗೆ ಹಾಕಿ ಬಲಗಡೆಯ ಕೂದಲು ಎತ್ತಿದಳು.

ಅವರ ಬೆನ್ನ ಹಿಂದೆ ನಿಂತು ಮೆಲ್ಲಗೆ ಹೇಳಿದಳು, "ನಾನು ಚೆನ್ನಾಗಿ ನುಡಿಸ್ತಿದ್ದೆ ಮೇಷ್ಟ್ರೇ. ಎಷ್ಟು ಚೆನ್ನಾಗಿ ನುಡಿಸ್ತಿದ್ದೆ."

ಮೇಷ್ಟ್ರು ಕತ್ತು ಹೊರಳಿಸಿದರು. "ಏನಂದ್ರಿ? ನನಗೆ ಕೇಳಿಸ್ಲಿಲ್ಲ."

ಅವಳು ಇನ್ನೊಮ್ಮೆ ಹೇಳಲಿಲ್ಲ. ಎರಡೂ ಕೈಯಿಂದ ಅವರ ತಲೆ ಹಿಡಿದು ನೇರ ಮಾಡಿ, ಕೆಳಕ್ಕೆ ಒತ್ತಿದಳು. ಮೇಷ್ಟ್ರು ತಲೆ ಬಗ್ಗಿಸಿದರು.